ಎಚ್‌ಐವಿ ಇರೋ ಹದಿಹರೆಯದವ್ರ ಜೊತೆ ಸ್ಟಡಿ ಮಾಡೋಕೆ ನಮ್ಮ ಕರಾವಳಿಗೆ ಬರೋರಿಗೆ

ಮೊದ್ಲು ಒಂದು ವಿಷ್ಯ ಪಕ್ಕಾ ಮಾಡ್ಕೊಳ್ಳಿ, ಆ ಹುಡುಗನಿಗೋ ಹುಡುಗಿಗೋ ತನಗೇನಿದೆ ಅಂತ ಗೊತ್ತಿದ್ಯಾ? ಮನೆಯವ್ರನ್ನ ಬೇರೆ ಕೂರಿಸ್ಕೊಂಡು ಕೇಳಿ. ಹುಟ್ಟಿದಾಗಿಂದ್ಲೇ ಸೋಂಕು ಇರೋ ಎಷ್ಟೋ ಮಕ್ಳು ರಕ್ತ ಕಮ್ಮಿ ಅದಕ್ಕೆ ಗುಳಿಗೆ ಅಂತ ನಂಬ್ಕೊಂಡೇ ಎಆರ್‌ಟಿ (ಎಚ್‌ಐವಿ ಹತೋಟೀಲಿಡೋ ಔಷಧಿ) ತಗೋತಿರ್ತಾರೆ, ಅಂಥ ಮಗುವಿನ ಕೈಗೆ ನೀವು ಎಚ್‌ಐವಿ ಅಂತ ಅಚ್ಚಾಗಿರೋ ಫಾರ್ಮ್ ಕೊಟ್ರೆ ವಿಷ್ಯ ಒಡೆದಿದ್ದು ನೀವು, ನಾಳೆ ಆ ಮನೇಲಿ ಏನಾಗತ್ತೆ ನೋಡೋಕೆ ನೀವಿರಲ್ಲ. ಗೊತ್ತಿಲ್ದೇ ಇರೋರಿಗೆ ಬೇರೆ ಮಾಹಿತಿ ಪತ್ರ ಮಾಡಿ, ಹೇಳೋ ಕೆಲ್ಸ ಪಾಲಕರು ಮತ್ತೆ ಕೌನ್ಸೆಲರ್ ನಿಧಾನಕ್ಕೆ ಮಾಡ್ಲಿ.

ಸಹಿ ವಿಷ್ಯ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ 18ರ ಒಳಗಿನವ್ರಿಗೆ ಪಾಲಕರ ಒಪ್ಪಿಗೆ ಬೇಕು, ಜೊತೆಗೆ 7ರಿಂದ 12ರವ್ರ ಹತ್ರ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡವ್ರ ಹತ್ರ ಬರವಣಿಗೆಯಲ್ಲಿ. ಅಪ್ಪ ಅಮ್ಮ ಇಲ್ದೆ ಅಜ್ಜಿ ಸಾಕ್ತಿದ್ರೆ ಸಹಿ ಮಾಡೋ ಹಕ್ಕು ಯಾರಿಗೆ ಅಂತ ಎಥಿಕ್ಸ್ ಕಮಿಟಿ (ಸ್ಟಡಿ ನೀತಿಬದ್ಧವಾಗಿದ್ಯಾ ಅಂತ ನೋಡಿ ಅನುಮತಿ ಕೊಡೋ ಸಮಿತಿ) ಹತ್ರ ಮೊದ್ಲೇ ಬರೆಸ್ಕೊಳ್ಳಿ. ಅಜ್ಜಿ ಹೂಂ ಅಂದು ಹುಡುಗಿ ತಲೆ ತಗ್ಗಿಸಿ ಕೂತ್ರೆ ಅದು ಒಪ್ಪಿಗೆ ಅಲ್ಲ, ಅಲ್ಲಿಗೇ ಬಿಡಿ. ಸ್ಟಡಿ ಮಧ್ಯ 18 ತುಂಬಿದ್ರೆ ಅವ್ರಿಂದ್ಲೇ ಹೊಸದಾಗಿ ಒಪ್ಪಿಗೆ ತಗೋಬೇಕು.

ನಮ್ಮ ಕಡೆ ಗುಟ್ಟು ಹೊರಗೆ ಹೋಗೋದು ಕಂಪ್ಯೂಟರ್‌ನಿಂದ ಅಲ್ಲ. ಬೋರ್ಡ್ ಹಾಕಿದ ಜೀಪು ಕೇರಿಗೆ ಬಂದು ಒಂದೇ ಮನೆ ಮುಂದೆ ನಿಂತ್ರೆ ಸಾಕು, ಸಂಜೆ ಮೀನು ಪೇಟೇಲಿ ಮಾತು ಶುರು. ಫೋನೂ ಮನೆಗೊಂದೇ ಇರತ್ತೆ, ಹಾಗಾಗಿ ಮೆಸೇಜ್‌ನಲ್ಲಿ ಸ್ಟಡಿ ಹೆಸ್ರು ಬೇಡ. ಎಲ್ಲಿ ಸಿಗೋದು ಅಂತ ಅವ್ರನ್ನೇ ಕೇಳಿ, ಅಂಕೋಲಾದವ್ಳು ಕುಮಟಾಕ್ಕೆ ಬರ್ತೀನಿ ಅಂದ್ರೆ ಬಸ್ ಚಾರ್ಜು, ಊಟ, ಜೊತೆಗೆ ಬಂದೋರ ಆ ದಿನದ ಕೂಲಿ ನೀವು ಕೊಡಿ. ಆದ್ರೆ ಬರೀ ದುಡ್ಡಿನ ಆಸೆಗೇ ಸೇರೋ ಅಷ್ಟು ದೊಡ್ಡ ಮೊತ್ತ ಬೇಡ. ವರದೀಲಿ ಹೆಸ್ರು ತೆಗೆದ್ರೆ ಮುಗೀತು ಅನ್ಕೋಬೇಡಿ, "ಯಲ್ಲಾಪುರ, ಸಿದ್ದಿ ಸಮುದಾಯ, 16 ವರ್ಷದ ಹುಡುಗಿ" ಅಂತ ಬರೆದ್ರೆ ಇಲ್ಲಿನೋರಿಗೆ ಅದು ಹೆಸ್ರು ಬರೆದಂಗೇ. ಊರು ಬಿಡಿ, ಜಾತಿ ಬಿಡಿ, ವಯಸ್ಸನ್ನ 15ರಿಂದ 17 ಅಂತ ಹಾಕಿ.

ಭಾಷೆನೂ ನೋಡಿ, ಕಾರವಾರದಲ್ಲಿ ಎಷ್ಟೋ ಮನೇಲಿ ಕೊಂಕಣಿ, ಪುಸ್ತಕದ ಕನ್ನಡದ ಫಾರ್ಮ್ ಓದಿ ಹೇಳಿದ್ರೆ ಸುಮ್ನೆ ತಲೆ ಆಡಿಸ್ತಾರೆ. ಓದಾದ್ಮೇಲೆ "ಈಗ ನಾವೇನು ಮಾಡ್ತೀವಿ, ನೀನೇ ಹೇಳು ನೋಡಣ" ಅಂತ ಕೇಳಿ.

ಪ್ರೀತಿ, ಸಂಬಂಧದ ಪ್ರಶ್ನೆ ಇದ್ರೆ ತುಂಬಾ ಹುಷಾರು. ಮಕ್ಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೇಲಿ 18ರ ಒಳಗಿನವ್ರ ಲೈಂಗಿಕ ಸಂಬಂಧ ಗೊತ್ತಾದ್ರೆ ವರದಿ ಮಾಡ್ಲೇಬೇಕು, ಒಪ್ಪಿಗೆ ಇತ್ತು ಅಂದ್ರೂ ಅಷ್ಟೇ. ಎಲ್ಲಾ ಗುಟ್ಟಾಗಿ ಇಡ್ತೀವಿ ಅಂತ ಮಾತು ಕೊಟ್ಟು ಆಮೇಲೆ ಪೊಲೀಸ್ರಿಗೆ ಹೇಳೋದು ಆ ಮಗುಗೆ ಮಾಡೋ ದ್ರೋಹ, ಹಾಗಾಗಿ ಏನನ್ನ ಮುಚ್ಚಿಡೋಕಾಗಲ್ಲ ಅಂತ ಬಾಯಿ ಬಿಡೋ ಮುಂಚೇನೇ ಅವ್ರಿಗೆ ಹೇಳಿ.

ಕೆಲ್ಸ ಮುಗಿದ್ಮೇಲೆ ವಾಪಸ್ ಬನ್ನಿ, ಏನು ಗೊತ್ತಾಯ್ತು ಅಂತ ಆ ಹುಡುಗ್ರಿಗೇ ಮೊದ್ಲು ಹೇಳಿ, ಮತ್ತೆ ಅದೇ ಬೋರ್ಡಿನ ಜೀಪಲ್ಲಿ ಬರ್ಬೇಡಿ.