ತಾರಸಿ ಮಡಿ ನಿಜಕ್ಕೂ ಚೌಕವಾಗಿದೆಯಾ? ಕರ್ಣ ಅಳೆದು ನೋಡಿ

ತಾರಸಿಯಲ್ಲಿ 4×4 ಅಡಿಯ ತರಕಾರಿ ಮಡಿ ಕಟ್ಟುವಾಗ ನಾಲ್ಕೂ ಹಲಗೆ ಸಮ ಇದ್ದರಷ್ಟೇ ಸಾಲದು, ಮೂಲೆ ವಾಲಿದರೆ ಅದು ವಜ್ರಾಕೃತಿ. ಸ್ಕ್ರೂ ಬಿಗಿಸುವ ಮೊದಲೇ ಎರಡೂ ಕರ್ಣ (ಮೂಲೆಯಿಂದ ಎದುರು ಮೂಲೆಗೆ) ಅಳೆಯಿರಿ. ಎರಡೂ ಸುಮಾರು 5 ಅಡಿ 8 ಅಂಗುಲ ಬರಬೇಕು. ಒಂದು ಉದ್ದ ಬಂದರೆ ಆ ಕರ್ಣದ ಮೂಲೆಗಳನ್ನು ಒಳಕ್ಕೆ ತಳ್ಳಿ. (ಚೌಕದ ಕರ್ಣದ ಮೇಲೆ ಕಟ್ಟಿದ ಚೌಕದ ವಿಸ್ತೀರ್ಣ ಮೂಲ ಚೌಕದ ಎರಡರಷ್ಟು. ಯಜ್ಞವೇದಿ ಕಟ್ಟುವ ಅಳತೆ ಹೇಳುವ ಪ್ರಾಚೀನ ಗ್ರಂಥ ಬೌಧಾಯನ ಶುಲ್ಬಸೂತ್ರದ ಹಗ್ಗದ ಲೆಕ್ಕವೂ ಇದೇ.)

ಮಡಿ ಪ್ಯಾರಪೆಟ್ ಗೋಡೆಗೆ ಅಂಟಿದ್ದರೆ ಅಗಲ 2 ಅಡಿ ಮೀರಬೇಡಿ, ಕೈ ಎಟುಕಲ್ಲ. 4×4 ಮಡಿಯಾದರೆ 6 ಅಂಗುಲ ಆಳಕ್ಕೆ 8 ಘನ ಅಡಿ, ಅಂದರೆ ಸುಮಾರು 226 ಲೀಟರ್ ಮಿಶ್ರಣ ಬೇಕು: ಕೆಮ್ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್ ತಲಾ 75 ಲೀಟರ್. ಬರೀ ಕೆಮ್ಮಣ್ಣು ತುಂಬಿದರೆ ಗಟ್ಟಿಯಾಗಿ ನೀರು ಇಂಗಲ್ಲ, ತಾರಸಿಗೂ ಭಾರ.

ಈಗ ಅಡಿಗೊಂದು ದಾರ ಕಟ್ಟಿ, 16 ಮನೆಗಳಾಗುತ್ತವೆ. ಒಂದು ಮನೆಗೆ ಎಷ್ಟು ಗಿಡ ಅನ್ನೋದೂ ವರ್ಗಸಂಖ್ಯೆಯೇ: 12 ಅಂಗುಲ ಅಂತರಕ್ಕೆ 1 (ಬದನೆ), 6ಕ್ಕೆ 4 (ಲೆಟ್ಯೂಸ್), 4ಕ್ಕೆ 9 (ಪಾಲಕ್), 3ಕ್ಕೆ 16 (ಕ್ಯಾರೆಟ್). ನಮ್ಮ ಉದ್ದದ ಬಿಳಿ ಮೂಲಂಗಿಗೆ 16 ಇಕ್ಕಟ್ಟು, 9 ಸಾಕು. ಕ್ಯಾರೆಟ್‌ಗೆ ಆಳವನ್ನೂ 10 ಅಂಗುಲಕ್ಕೆ ಏರಿಸಿ.

ಕೌದಿ ಹೊಲಿಯುವವರಿಗೂ ಕರ್ಣದ ಪರೀಕ್ಷೆ ನಡೆಯುತ್ತೆ. 4 ಅಂಗುಲದ ಚೌಕ ಬೇಕಾದರೆ ನಾಲ್ಕೂವರೆಗೆ ಕತ್ತರಿಸಿ, ಸುತ್ತ ಕಾಲು ಅಂಗುಲ ಹೊಲಿಗೆಗೆ ಹೋಗುತ್ತೆ. ಹತ್ತಿ ಬಟ್ಟೆಯನ್ನು ಮೊದಲೇ ಒಗೆದು ಇಸ್ತ್ರಿ ಮಾಡದಿದ್ದರೆ ಆಮೇಲೆ ಒಂದೊಂದು ತುಂಡು ಒಂದೊಂದು ಥರ ಕುಗ್ಗುತ್ತೆ.