ರೇಸ್ ಕಾರಿನ ಎಂಜಿನ್: ಬಿಚ್ಚುವ ಮೊದಲು ನಿಯಮ ಓದುವುದು ಹೇಗೆ?

ಶಿರಸಿ, ಕಾರವಾರ ಕಡೆಯ ಹವ್ಯಾಸಿ ಚಾಲಕರು ಹಳೆಯ ಮಾರುತಿ ಎಸ್ಟೀಮನ್ನೋ ಫೋಕ್ಸ್‌ವ್ಯಾಗನ್ ಪೋಲೋವನ್ನೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯಲು ಮನಸ್ಸು ಮಾಡಿದರೆ, ಗ್ಯಾರೇಜಿನಲ್ಲಿ ಮೊದಲು ಏಳುವ ಮಾತು ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್ ಬದಲಿಸುವುದರದು. ಅದಕ್ಕೂ ಮುನ್ನ ತಾವು ಇಳಿಯುವ ವರ್ಗದ ಆ ವರ್ಷದ ತಾಂತ್ರಿಕ ನಿಯಮಾವಳಿಯನ್ನು ತರಿಸಿಕೊಳ್ಳಬೇಕು. ದೇಶದಲ್ಲಿ ಮೋಟಾರು ಕ್ರೀಡೆಯನ್ನು ನಿಯಂತ್ರಿಸುವ ಸಂಸ್ಥೆ ಎಫ್‌ಎಂಎಸ್‌ಸಿಐ (ಭಾರತದ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟ). ಸ್ಪರ್ಧೆಗೆ ಅದರ ಪರವಾನಗಿಯೂ ಬೇಕು.

ಓದುವಾಗ ಒಂದು ಸೂತ್ರ ನೆನಪಿರಲಿ: ಮಾಡಬಹುದು ಎಂದು ಬರೆದಿರದ ಬದಲಾವಣೆ ನಿಷಿದ್ಧ. ‘ಬೇಡವೆಂದು ಎಲ್ಲೂ ಹೇಳಿಲ್ಲವಲ್ಲ’ ಎಂಬ ನಮ್ಮ ಮೇಸ್ತ್ರಿಗಳ ಮೆಚ್ಚಿನ ವಾದ ತಪಾಸಣಾಧಿಕಾರಿಯ ಮುಂದೆ ನಡೆಯುವುದಿಲ್ಲ.

ಮುಂದಿನದು ಸಿಸಿ, ಅಂದರೆ ಸಿಲಿಂಡರುಗಳ ಒಟ್ಟು ಗಾತ್ರದ ಲೆಕ್ಕ. ಎಸ್ಟೀಮಿನ ನಾಲ್ಕು ಸಿಲಿಂಡರ್ ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5 ಮಿ.ಮೀ., ಒಟ್ಟು 1298 ಸಿಸಿ. ಸಿಲಿಂಡರ್ ಸವೆದಿದೆಯೆಂದು ವ್ಯಾಸ ಅರ್ಧ ಮಿ.ಮೀ. ಹೆಚ್ಚುವಂತೆ ಕೊರೆಸಿ, ಅದಕ್ಕೊಪ್ಪುವ ದೊಡ್ಡ ಅಳತೆಯ (ಓವರ್‌ಸೈಜ್) ಪಿಸ್ಟನ್ ಕೂರಿಸಿದರೆ ಅದು ಸುಮಾರು 1316 ಸಿಸಿ ಆಗುತ್ತದೆ. ವರ್ಗದ ಮಿತಿ 1300 ಆಗಿದ್ದು, ಓವರ್‌ಸೈಜಿಗೆ ವಿನಾಯಿತಿ ಬರೆದಿರದಿದ್ದರೆ, ರಿಪೇರಿಗೆಂದು ಮಾಡಿಸಿದ ಕೆಲಸವೇ ಕಾರನ್ನು ಹೊರಗೆ ಹಾಕಿಸುತ್ತದೆ. ಟರ್ಬೊ (ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಸಾಧನ) ಇರುವ ಪೆಟ್ರೋಲ್ ಎಂಜಿನ್ನಿಗೆ ಅಂತರರಾಷ್ಟ್ರೀಯ ಮೋಟಾರು ಸಂಸ್ಥೆ ಎಫ್‌ಐಎಯ ನಿಯಮದಂತೆ ಸಿಸಿಯನ್ನು 1.7ರಿಂದ ಗುಣಿಸುತ್ತಾರೆ, 999 ಸಿಸಿಯ ಪುಟ್ಟ ಎಂಜಿನ್ ಕಾಗದದ ಮೇಲೆ 1698 ಆಗಿ ನಿಲ್ಲುತ್ತದೆ.

ಕಂಪ್ರೆಷನ್ ಅನುಪಾತದ, ಅಂದರೆ ಸಿಲಿಂಡರಿನ ಮಿಶ್ರಣ ಎಷ್ಟು ಪಟ್ಟು ಅದುಮಲ್ಪಡುತ್ತದೆ ಎಂಬ ಲೆಕ್ಕದ ವಿಷಯದಲ್ಲಿ ಅಂದಾಜು ಸಲ್ಲದು. ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡನ್ನು ತಲೆಕೆಳಗಾಗಿ ಸಮಮಟ್ಟದಲ್ಲಿಟ್ಟು, ವಾಲ್ವ್ ಮುಚ್ಚಿ, ಪ್ಲಗ್ ಬಿಗಿದು, ತೂತಿರುವ ಅಕ್ರಿಲಿಕ್ ಹಾಳೆಯನ್ನು ಗ್ರೀಸ್ ಸವರಿ ಮೇಲೆ ಕೂರಿಸಿ, ಬ್ಯೂರೆಟ್‌ನಿಂದ (ಅಳತೆಗೆರೆಯ ಗಾಜಿನ ನಳಿಕೆ) ತೆಳು ಎಣ್ಣೆ ಬಿಟ್ಟು ಅಳೆಯಬೇಕು. ಅದಕ್ಕೆ ಗ್ಯಾಸ್ಕೆಟ್ಟಿನ (ಹೆಡ್ಡಿನ ಕೆಳಗಿನ ಹಾಳೆ) ದಪ್ಪ, ಪಿಸ್ಟನ್ ತಲೆಯ ಗುಳಿ ಎಲ್ಲ ಸೇರಿ ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ 38 ಸಿಸಿ ಬಂದರೆ, 325 ಸಿಸಿಯ ಒಂದು ಸಿಲಿಂಡರಿಗೆ ಅನುಪಾತ ಸುಮಾರು 9.55. ಹೆಡ್ ಫೇಸಿಂಗ್ ಮಾಡಿಸಿ (ಹೆಡ್ಡಿನ ತಳ ಉಜ್ಜಿಸಿ) ಆ ಜಾಗವನ್ನು 36ಕ್ಕೆ ಇಳಿಸಿದರೆ ಅನುಪಾತ 10 ದಾಟುತ್ತದೆ, ವರ್ಗದ ಮಿತಿ ಅಷ್ಟೇ ಇದ್ದರೆ ಕಾರು ಹೊರಗೆ. ಎರಡು ಸಿಸಿ ಎಂದರೆ ಅರ್ಧ ಚಮಚೆಯೂ ಅಲ್ಲ. ನಾಲ್ಕೂ ಸಿಲಿಂಡರ್ ಅಳೆದು ಬರೆದಿಡಿ.

ಹೀಗೆ ಸಜ್ಜಾದ ಕಾರನ್ನು ದೇವಿಮನೆ ಘಟ್ಟದ ಸಾರ್ವಜನಿಕ ರಸ್ತೆಯಲ್ಲಿ ‘ಒಂದು ರೌಂಡ್’ ನೋಡುವ ಆಸೆ ಬಿಡಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಾಯಿತ ವಾಹನದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಕಾನೂನು ಒಪ್ಪದ ಪ್ರತಿ ಮಾರ್ಪಾಡಿಗೂ 5000 ರೂಪಾಯಿ ದಂಡವಿದೆ, ಆರು ತಿಂಗಳವರೆಗಿನ ಜೈಲೂ ಆಗಬಹುದು. ಕಾರು ಟ್ರೇಲರಿನಲ್ಲೇ ಹೋಗಲಿ.

ಶಿರಸಿಯವರಿಗೆ ಇನ್ನೊಂದು ಎಚ್ಚರಿಕೆ. ಸುಮಾರು 600 ಮೀಟರ್ ಎತ್ತರದ ಊರಿನಲ್ಲಿ ಗಾಳಿ ಕಡಲಮಟ್ಟಕ್ಕಿಂತ ಶೇ 5–6ರಷ್ಟು ತೆಳು. ಇಲ್ಲಿ ಜೆಟ್ (ಪೆಟ್ರೋಲ್ ಹರಿವಿನ ಪುಟ್ಟ ತೂತು) ಹೊಂದಿಸಿದ ಕಾರ್ಬ್ಯುರೇಟರ್, ಗಾಳಿ ದಟ್ಟವಾಗಿರುವ ಚೆನ್ನೈ ಬಳಿ ಪೆಟ್ರೋಲ್ ಸಾಲದೆ ಲೀನ್ (ಗಾಳಿ ಹೆಚ್ಚಿದ ಮಿಶ್ರಣದಲ್ಲಿ) ಓಡಿ ಪಿಸ್ಟನ್ ಸುಡುವ ಅಪಾಯವಿದೆ. ಜೆಟ್ ಬದಲಿಸಲು ಆ ವರ್ಗದಲ್ಲಿ ಅವಕಾಶವಿದೆಯೇ ಎಂದು ಮೊದಲೇ ನೋಡಿ, ಇದ್ದರೆ ದೊಡ್ಡ ಜೆಟ್ಟುಗಳನ್ನು ಜೊತೆಗೊಯ್ಯಿರಿ. ಕಾರವಾರದವರಿಗೆ ಈ ತಾಪತ್ರಯವಿಲ್ಲ, ಅವರದು ಉಪ್ಪುಗಾಳಿಯ ತುಕ್ಕಿನ ಗೋಳು.

ಎಂಜಿನ್ ಬಿಚ್ಚದಂತೆ ಸೀಲ್ ಹಾಕಿಸಬೇಕಾದ ವರ್ಗವಾದರೆ ಹೆಡ್ ಮತ್ತು ಸಂಪ್ (ಎಂಜಿನ್ ತಳದ ಎಣ್ಣೆ ತಟ್ಟೆ) ಬೋಲ್ಟುಗಳ ತಲೆಗೆ ತಂತಿ ಹಾಯುವ ತೂತು ಊರಿನಲ್ಲೇ ಕೊರೆಸಿಕೊಂಡು ಹೋಗಿ. ಓಟದ ನಂತರ ಎದುರಾಳಿ ಠೇವಣಿ ಕಟ್ಟಿ ಆಕ್ಷೇಪ ಸಲ್ಲಿಸಿದರೆ ಎಂಜಿನ್ ಬಿಚ್ಚಿಸುತ್ತಾರೆ, ಆಗ ಹೊಸ ಗ್ಯಾಸ್ಕೆಟ್ ಸೆಟ್ಟೊಂದು ಟ್ರೇಲರಿನಲ್ಲಿರಬೇಕು.