ಮೇ ತಿಂಗಳಲ್ಲಿ ಎಣಿಸಿದ ರಸ್ತೆ

ಮಂಡ್ಯದ ಹತ್ತಿರ, ವಿ.ಸಿ. ನಾಲೆ ಏರಿಯ ಪಕ್ಕ ಹೊಸ ಬಡಾವಣೆ, 120 ಸೈಟು. ಅಲ್ಲಿಂದ ದೊಡ್ಡ ರಸ್ತೆಗೆ ಬರಲು ಊರೊಳಗಿನ 3.75 ಮೀಟರ್ ಟಾರು ರಸ್ತೆ ಬಿಟ್ಟರೆ ಬೇರೆ ದಾರಿಯಿಲ್ಲ. ಮನೆಗಳೆಲ್ಲ ಎದ್ದ ಮೇಲೆ ಈ ರಸ್ತೆ ತಡೆದುಕೊಳ್ಳುತ್ತದೆಯೇ ಅಂತ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮನೆಯಿಂದ ದಿನಕ್ಕೆ ಎಷ್ಟು ಓಡಾಟ ಅನ್ನುವುದೇ ಮೊದಲ ತಲೆನೋವು. ಅಮೆರಿಕದ ಸಾರಿಗೆ ಎಂಜಿನಿಯರುಗಳ ಸಂಸ್ಥೆ ಐಟಿಇಯ ಕೈಪಿಡಿಯ 10ನೇ ಆವೃತ್ತಿ ಒಂಟಿ ಮನೆಗೆ 9.44 ಅನ್ನುತ್ತದೆ. ಅದು ಹಾಲು ತರಲೂ ಕಾರು ತೆಗೆಯುವವರ ಲೆಕ್ಕ. ನಮ್ಮಲ್ಲಿ ಒಂದೇ ಸ್ಕೂಟರಿನ ಮೇಲೆ ಅಪ್ಪ, ಇಬ್ಬರು ಮಕ್ಕಳು, ಮೂರು ಬ್ಯಾಗು. ಹಾಗಾಗಿ ಪಕ್ಕದೂರಿನ ಹಳೇ ಬಡಾವಣೆಗೇ ಹೋದೆ. ಸೈಟು ಇನ್ನೂರರ ಮೇಲಿದ್ದರೂ ಜನ ವಾಸವಿದ್ದ ಮನೆ 48, ಮಿಕ್ಕಿದ್ದೆಲ್ಲ ಪಾರ್ಥೇನಿಯಂ. ಗೇಟು ಒಂದೇ ಇದ್ದದ್ದು ನನ್ನ ಪುಣ್ಯ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹುಡುಗನೊಬ್ಬನ ಜೊತೆ ಪಾಳಿ ಮೇಲೆ ಕೂತು, ಹೋದದ್ದು ಬಂದದ್ದು ಸೇರಿ 298 ಗೀಟು ಹಾಕಿದೆವು. ಮನೆಗೆ ಆರು ಚಿಲ್ಲರೆ. ಮುಕ್ಕಾಲು ಪಾಲು ಬೈಕು, ಸ್ಕೂಟರ್.

ಹಳ್ಳಿ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಐಆರ್‌ಸಿ 64ರಲ್ಲಿ ಪಿಸಿಯು ಪಟ್ಟಿ ಇದೆ, ಅಂದರೆ ರಸ್ತೆ ಮೇಲೆ ಯಾವ ವಾಹನ ಎಷ್ಟು ಕಾರಿಗೆ ಸಮ ಅನ್ನುವ ಲೆಕ್ಕ: ಕಾರಿಗೆ 1, ಬೈಕಿಗೆ ಅರ್ಧ, ಬಸ್ಸಿಗೆ 3, ಟ್ರೈಲರ್ ಎಳೆಯುವ ಟ್ರ್ಯಾಕ್ಟರಿಗೆ 4.5, ಎತ್ತಿನ ಗಾಡಿಗೆ 8. ಗಾಡಿಗೆ ಬಸ್ಸಿಗಿಂತ ಜಾಸ್ತಿಯೇ ಅಂತ ನಗುವವರು ಒಂದು ಸಲ ಅದರ ಹಿಂದೆ ಸಿಕ್ಕಿಕೊಳ್ಳಬೇಕು. ಈ ಪಟ್ಟಿಯಲ್ಲಿ ಮನೆಗೆ ಸುಮಾರು 4 ಪಿಸಿಯು ಬಿತ್ತು. ನಮ್ಮ 120 ಮನೆಗೆ 480. ಎಲ್ಲ ಸೈಟಿನಲ್ಲೂ ಮನೆ ಎದ್ದಂತೆಯೇ ಲೆಕ್ಕ ಹಿಡಿದೆ. ರಸ್ತೆ ಕಟ್ಟುವುದು ಪಾರ್ಥೇನಿಯಂಗಲ್ಲವಲ್ಲ.

ಊರ ರಸ್ತೆಯನ್ನು ಮೇ ತಿಂಗಳಲ್ಲಿ ಎಣಿಸಿದ್ದೆ. ದಿನಕ್ಕೆ 1,150 ಪಿಸಿಯು. ಒಂಟಿ ಪಥದ ರಸ್ತೆಗೆ ಬಯಲುಸೀಮೆಯಲ್ಲಿ 2,000ದವರೆಗೆ ಒಪ್ಪುತ್ತಾರೆ. 480 ಕೂಡಿಸಿದರೂ 1,630. ವರದಿ ಮುಗಿಯಿತು ಅಂದುಕೊಂಡು ಡೇರಿ ಮುಂದಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾಗ ಕ್ಯಾನ್ ತೊಳೆಯುತ್ತಿದ್ದ ಯಜಮಾನರು ಕೇಳಿದರು: 'ಈಗ್ಯಾಕ್ ಬಂದ್ರಿ ಸಾ? ಕಬ್ ಕಡಿಯೋ ಟೈಮಲ್ ಬರ್ಬಾರ್ದಾ?'

ಮಂಡ್ಯದವನೇ ಆಗಿ ಅದು ಹೊಳೆದಿರಲಿಲ್ಲ. ಮೇ ತಿಂಗಳಲ್ಲಿ ಸಕ್ಕರೆ ಕಾರ್ಖಾನೆ ನಿಂತಿತ್ತು, ಶಾಲೆಗೆ ರಜೆ ಬೇರೆ.

ಕಟಾವು ಶುರುವಾದ ಮೇಲೆ ಮತ್ತೆ ಕೂತೆ. ಒಂದೇ ದಿನ ಟ್ರೈಲರ್ ಟ್ರ್ಯಾಕ್ಟರ್ 96 ಸಲ, ಎತ್ತಿನ ಗಾಡಿ 14 ಸಲ. ಅವೆರಡರಿಂದಲೇ 544 ಪಿಸಿಯು. ಮೊದಲಿನದ್ದಕ್ಕೆ ಇದನ್ನೂ ಬಡಾವಣೆಯದ್ದನ್ನೂ ಸೇರಿಸಿದರೆ 2,174. ಲೆಕ್ಕಕ್ಕಿಂತ ಕಣ್ಣೆದುರಿಗಿದ್ದದ್ದೇ ಜೋರು: ಎರಡೂ ಕಡೆ ಕಬ್ಬಿನ ಗರಿ ಚಾಚಿದ ಟ್ರೈಲರ್ ಬಂದರೆ ಶಾಲಾ ವ್ಯಾನು ಎಡಗಡೆ ಚಕ್ರ ಮಣ್ಣಿಗಿಳಿಸಿ ಗದ್ದೆ ಕಡೆ ವಾಲಿ ನಿಲ್ಲುತ್ತಿತ್ತು. ಬೆಳಿಗ್ಗೆ ಡೇರಿ ಮುಂದೆ ಕ್ಯಾನು ಕಟ್ಟಿದ ಬೈಕುಗಳ ಸಾಲಿದ್ದರಂತೂ ಅದಕ್ಕೂ ಜಾಗವಿಲ್ಲ.

ರಸ್ತೆಯನ್ನು 5.5 ಮೀಟರ್ ಮಾಡಬೇಕು ಅಂತ ಬರೆದೆ. ಆಗ ಮಿತಿ 6,000ಕ್ಕೆ ಏರುತ್ತದೆ. ಲೇಔಟ್ ಮಾಲೀಕರು ಸಿಡಿಮಿಡಿಗೊಂಡರು. 'ವರ್ಷಪೂರ್ತಿ ಕಬ್ಬು ಕಡೀತಾರೇನ್ರೀ? ಮೇ ತಿಂಗಳದ್ದೇ ಹಾಕಿ.' ಎರಡೂ ಎಣಿಕೆ ಹಾಕಿದೆ, ತಾರೀಖಿನ ಸಮೇತ. ಎಳೆದಾಟ ಆಗಿ ಕೊನೆಗೆ ಅಗಲೀಕರಣ ಕೈಬಿಟ್ಟು, ಎದುರುಬದುರು ವಾಹನ ನಿಲ್ಲಲು ಮೂರು ಕಡೆ ಜಾಗ ಬಿಡುವುದಕ್ಕೆ ಒಪ್ಪಿದರು. ನನಗೆ ಸಮಾಧಾನವಿಲ್ಲ.

ಮೊನ್ನೆ ಆ ಕಡೆ ಹೋಗಿದ್ದೆ. ಎರಡು ಜಾಗ ರೆಡಿಯಾಗಿವೆ. ಒಂದರಲ್ಲಿ ಹುರುಳಿ ಸೊಪ್ಪು ಹರಡಿದ್ದರು, ಹೋಗಿಬರುವ ಗಾಡಿ ಹತ್ತಿ ಒಕ್ಕಣೆಯಾಗಲಿ ಅಂತ. ನಾನೂ ಕಾರು ಹತ್ತಿಸಿಯೇ ಬಂದೆ.